ಸಾವಿಗೂ ಶಿಸ್ತುಕ್ರಮವೇ?

2023ರ ಅಕ್ಟೋಬರಿನಲ್ಲಿ ಜಮ್ಮುವಿನ ಗಡಿ ಭಾಗದಲ್ಲಿ ಪಹರೆಗಿದ್ದ, ಅಗ್ನಿಪಥ ಯೋಜನೆಯಲ್ಲಿ ಸೇನೆ ಸೇರಿದ್ದ ಅಗ್ನಿವೀರನೊಬ್ಬ ತನ್ನ ಪ್ರಾಣ ತಾನೇ ಕಳೆದುಕೊಂಡ. ಪಂಜಾಬಿನ ಮಾನ್ಸಾ ಜಿಲ್ಲೆಯ ಹುಡುಗ. ಪಾರ್ಥಿವ ಶರೀರ ಬಾಡಿಗೆ ಆಂಬುಲೆನ್ಸಿನಲ್ಲಿ ಊರು ಸೇರಿತು, ಸೇನೆಯ ಗೌರವ ವಂದನೆ ಸಿಗಲಿಲ್ಲ. ಗದ್ದಲವೆದ್ದಾಗ ಸೇನೆ ಸ್ಪಷ್ಟನೆ ಕೊಟ್ಟಿತು: ಅಗ್ನಿವೀರನೆಂಬ ಕಾರಣಕ್ಕೆ ಗೌರವ ತಪ್ಪಿಸಿದ್ದಲ್ಲ, ತಾನೇ ಮಾಡಿಕೊಂಡ ಗಾಯದಿಂದ ಸತ್ತ ಯಾವ ಸೈನಿಕನಿಗೂ ಸೇನಾ ಅಂತ್ಯಸಂಸ್ಕಾರವಿಲ್ಲ, 1967ರ ಸೇನಾ ಆದೇಶ ಹಾಗೆ ಹೇಳುತ್ತದೆ, ಇದರಲ್ಲಿ ತಾರತಮ್ಯದ ಪ್ರಶ್ನೆಯೇ ಇಲ್ಲ. ಎಲ್ಲರಿಗೂ ಸಮಾನವಾಗಿ ಅಗೌರವ ಎಂದಂತಾಯಿತು.

ಅದೇ ಹೇಳಿಕೆಯಲ್ಲಿ ಒಂದು ಅಂಕಿಯೂ ಇತ್ತು. 2001ರಿಂದೀಚೆಗೆ ಸರಾಸರಿ 100ರಿಂದ 140 ಸೈನಿಕರು ಪ್ರತಿವರ್ಷ ಹೀಗೆ ಸಾಯುತ್ತಿದ್ದಾರೆ ಎಂಬ ಅಂಕಿ. ಟಿವಿ ಚರ್ಚೆಗಳು ಅಗ್ನಿಪಥ ಸರಿಯೋ ತಪ್ಪೋ ಎಂಬಲ್ಲೇ ಸುತ್ತಿದವು, ಈ ಅಂಕಿಯನ್ನು ಎತ್ತಿಕೊಂಡವರು ಕಡಿಮೆ. ವರ್ಷಕ್ಕೆ ನೂರೇ ಎಂದು ಹಿಡಿದರೂ ಲೆಕ್ಕ ಎರಡು ಸಾವಿರ ದಾಟುತ್ತದೆ. ಕಾರ್ಗಿಲ್ ಯುದ್ಧದಲ್ಲಿ ನಾವು ಕಳೆದುಕೊಂಡದ್ದು 527 ಯೋಧರನ್ನು. ಪ್ರತಿ ಜುಲೈ 26ಕ್ಕೆ ಆ 527 ಮಂದಿಗೆ ದೀಪ ಹಚ್ಚುತ್ತೇವೆ, ಹಚ್ಚಲೇಬೇಕು. ಅದರ ನಾಲ್ಕು ಪಟ್ಟು ಸಾವಿಗೆ ನಮ್ಮಲ್ಲಿ ಒಂದು ದಿನವಿಲ್ಲ, ಒಂದು ಕಲ್ಲಿಲ್ಲ, ಕೊನೆಗೊಂದು ಬ್ಯೂಗಲ್ ಕೂಡ ಇಲ್ಲ.

ಈ ನಿಯಮವನ್ನು ಸಮರ್ಥಿಸುವವರ ಮೊದಲ ಮಾತು, ವೈರಿಯ ಗುಂಡಿಗೆ ಎದೆಯೊಡ್ಡಿದವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬುದು. ತೂಗಬೇಕೆಂದು ಯಾರೂ ಕೇಳುತ್ತಿಲ್ಲ. ಪರಮವೀರ ಚಕ್ರ ಕೊಡಿ ಎಂದೂ ಕೇಳುತ್ತಿಲ್ಲ. ಕರ್ತವ್ಯದಲ್ಲಿರುವಾಗ ಹೃದಯಾಘಾತದಿಂದ ಸತ್ತವನಿಗೆ, ಸೇನಾ ಟ್ರಕ್ಕು ಕಂದಕಕ್ಕೆ ಉರುಳಿ ಸತ್ತವನಿಗೆ ತ್ರಿವರ್ಣ ಹೊದಿಸಿ ಕಳಿಸುತ್ತೇವಲ್ಲ, ಅಲ್ಲಿ ವೈರಿ ಯಾರಿದ್ದ? ಅವರು ಸಮವಸ್ತ್ರ ತೊಟ್ಟು ದುಡಿದರು, ಅದಕ್ಕಾಗಿ ಆ ಗೌರವ. ಮನಸ್ಸು ಕೈಕೊಟ್ಟವನೂ ಅಷ್ಟೇ ದುಡಿದಿರುತ್ತಾನೆ.

ಎರಡನೆಯ ವಾದಕ್ಕೆ ತೂಕವಿದೆ. ಇಂಥ ಸಾವಿಗೆ ವೈಭವ ಕೊಟ್ಟರೆ ಬೇರೆಯವರೂ ಅದೇ ದಾರಿ ಹಿಡಿದಾರು ಎಂಬ ಭಯ. ಆತ್ಮಹತ್ಯೆಯನ್ನು ತ್ಯಾಗವೆಂದು ಬಣ್ಣಿಸಬಾರದು, ಒಪ್ಪುತ್ತೇನೆ. ಆದರೆ ವಂದನೆ ಸಲ್ಲಬೇಕಾದ್ದು ಸೇವೆಗೆ, ಸಾವಿಗಲ್ಲ. ಅಮೆರಿಕದಲ್ಲೂ ಹೀಗೆ ಸತ್ತ ಸೈನಿಕರ ಮನೆಗೆ ಅಧ್ಯಕ್ಷರ ಸಂತಾಪ ಪತ್ರ ಹೋಗುತ್ತಿರಲಿಲ್ಲ. 2011ರಲ್ಲಿ ಬರಾಕ್ ಒಬಾಮ, ಯುದ್ಧಭೂಮಿಯಲ್ಲಿ ಹೀಗೆ ಸತ್ತವರ ಮಟ್ಟಿಗೆ ಆ ಪದ್ಧತಿ ಬದಲಿಸಿದರು. ಅದರಿಂದ ಅಲ್ಲಿ ಆತ್ಮಹತ್ಯೆ ನಿಲ್ಲಲಿಲ್ಲ, ನಿಜ. ನಮ್ಮಲ್ಲಿ 1967ರಿಂದ ಗೌರವ ನಿರಾಕರಿಸಿದ್ದರಿಂದಲೂ ನಿಂತಿಲ್ಲವಲ್ಲ!

ನಿಜವಾಗಿ ಈ ನಿಯಮದ ಬೇರು ಇರುವುದು ಶಿಸ್ತಿನ ಕಲ್ಪನೆಯಲ್ಲಿ. 1950ರ ಸೇನಾ ಕಾಯ್ದೆಯ 64ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವ ಸೈನಿಕ ಅಪರಾಧಿ. ಏಳು ವರ್ಷದವರೆಗೆ ಸೆರೆವಾಸ. ನಾಗರಿಕರ ವಿಷಯದಲ್ಲಿ ದೇಶ ಎಷ್ಟೋ ಮುಂದೆ ಬಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಹೊಲದಲ್ಲಿ ಕುಸಿದ ರೈತನಿಗೆ ಆಸ್ಪತ್ರೆ, ಹಿಮದಲ್ಲಿ ಕುಸಿದ ಅವನ ಮಗನಿಗೆ ಕೋರ್ಟ್ ಮಾರ್ಷಲ್‌ನ ಭಯ. ನಿದ್ದೆ ಬರುತ್ತಿಲ್ಲ ಸಾಹೇಬರೇ ಎಂದು ಮೇಲಧಿಕಾರಿಯ ಮುಂದೆ ಬಾಯಿಬಿಡುವ ಧೈರ್ಯ ಯಾರಿಗೆ ಬಂದೀತು?

ಸರ್ಕಾರವನ್ನು ಕೇಳಿದಾಗಲೆಲ್ಲ ಸಿಗುವ ಉತ್ತರ ‘ಕೌಟುಂಬಿಕ ಕಾರಣ’. ಇದೊಂದು ಒಳ್ಳೆಯ ಮುಸುಕು. ಹಾವೇರಿಯದೋ ಬಾಗಲಕೋಟೆಯದೋ ಒಬ್ಬ ಜವಾನ ಸಿಯಾಚಿನ್‌ನಲ್ಲಿದ್ದಾನೆ ಎಂದುಕೊಳ್ಳಿ. ಊರಲ್ಲಿ ದಾಯಾದಿ ಬದು ಒತ್ತಿದ್ದಾನೆ, ಪಹಣಿಯಲ್ಲಿ ಹೆಸರು ಬದಲಾಗಿದೆ, ಹೆಂಡತಿ ಎಳೆ ಕೂಸನ್ನು ಎತ್ತಿಕೊಂಡು ತಾಲ್ಲೂಕು ಕಚೇರಿ ಅಲೆಯುತ್ತಿದ್ದಾಳೆ. ರಜೆ ಸಿಕ್ಕಿ ಅವನು ಬರುವ ಹೊತ್ತಿಗೆ ಅಪೀಲಿನ ಗಡುವೇ ಮುಗಿದಿರುತ್ತದೆ. ಅವನು ಮನೆಯಲ್ಲಿ ಇಲ್ಲದಿರುವುದೇ ಅವನ ನೌಕರಿ. ಆ ಗೈರಿನಿಂದ ಹುಟ್ಟಿದ ಸಂಕಟವನ್ನು ‘ಸೇವೆಗೆ ಸಂಬಂಧಿಸಿದ್ದಲ್ಲ’ ಎಂದು ಷರಾ ಬರೆಯುವ ಗುಮಾಸ್ತನ ಜಾಣತನಕ್ಕೆ ಏನೆನ್ನಬೇಕು!

ಇದಿಷ್ಟೂ ಸೇವೆಯಲ್ಲಿದ್ದವರ ಮಾತು. ಸಮವಸ್ತ್ರ ಕಳಚಿ ಬಂದವರದು ಇನ್ನೂ ಕಷ್ಟ, ಅವರ ಲೆಕ್ಕವೇ ನಮಗೆ ಬೇಡವಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಆತ್ಮಹತ್ಯೆಗಳನ್ನು ವೃತ್ತಿವಾರು ವಿಂಗಡಿಸುತ್ತದೆ: ರೈತರು, ದಿನಗೂಲಿಗಳು, ಗೃಹಿಣಿಯರು, ವಿದ್ಯಾರ್ಥಿಗಳು. ಅರೆಸೇನಾ ಪಡೆಗಳಿಗೆ ಪ್ರತ್ಯೇಕ ಅಧ್ಯಾಯವೂ ಇದೆ. ಮಾಜಿ ಸೈನಿಕನಿಗೆ ಒಂದು ಕಾಲಂ ಇಲ್ಲ. ಬ್ಯಾಂಕಿನಿಂದ ನಿವೃತ್ತನಾದವನ ಜೊತೆ ಅವನೂ ‘ನಿವೃತ್ತರು’ ಸಾಲಿನಲ್ಲಿ ಕರಗಿಹೋಗುತ್ತಾನೆ. ಸೈನಿಕ ಮೂವತ್ತೈದು ನಲವತ್ತರ ಪ್ರಾಯಕ್ಕೇ ಮನೆಗೆ ಬಂದು ಎಟಿಎಂ ಮುಂದೆ ಕಾವಲಿಗೆ ನಿಂತಿರುತ್ತಾನಾದ್ದರಿಂದ ಆ ಸಾಲಿನಲ್ಲೂ ಸಿಗಲಿಕ್ಕಿಲ್ಲ.

ಎಣಿಸಿದ ದೇಶಗಳಿಗೆ ಏನು ಕಂಡಿತು ನೋಡಿ. ಬ್ರೌನ್ ವಿಶ್ವವಿದ್ಯಾಲಯದ ‘ಕಾಸ್ಟ್ಸ್ ಆಫ್ ವಾರ್’ ಯೋಜನೆಯ 2021ರ ಅಧ್ಯಯನದ ಪ್ರಕಾರ 2001ರ ನಂತರದ ಯುದ್ಧಗಳ ಸೇನಾ ಕಾರ್ಯಾಚರಣೆಗಳಲ್ಲಿ ಮಡಿದ ಅಮೆರಿಕನ್ ಸೈನಿಕರು 7,057. ಆ ಯುದ್ಧಗಳ ಕಾಲದಲ್ಲಿ ಸೇವೆ ಸಲ್ಲಿಸಿ ಆತ್ಮಹತ್ಯೆ ಮಾಡಿಕೊಂಡ ಹಾಲಿ, ಮಾಜಿ ಸೈನಿಕರು ಅಂದಾಜು 30,177. ಆಸ್ಟ್ರೇಲಿಯಾ ಇದಕ್ಕೆಂದೇ ರಾಯಲ್ ಕಮಿಷನ್ ನೇಮಿಸಿತು. 1997ರಿಂದ 2021ರವರೆಗೆ ಕನಿಷ್ಠ 1,677 ಹಾಲಿ, ಮಾಜಿ ಯೋಧರು ಹೀಗೆ ಸತ್ತಿದ್ದಾರೆ, ಇದು ಯುದ್ಧದಲ್ಲಿ ಸತ್ತವರ ಇಪ್ಪತ್ತು ಪಟ್ಟಿಗೂ ಹೆಚ್ಚು ಎಂದು ಅದು 2024ರಲ್ಲಿ ವರದಿ ಕೊಟ್ಟಿತು. ನಮ್ಮ ಸ್ಥಿತಿ ಅಷ್ಟು ಭೀಕರವಾಗಿದೆ ಎಂದು ನಾನು ವಾದಿಸುತ್ತಿಲ್ಲ. ಇಲ್ಲ ಎನ್ನುವವರ ಕೈಯಲ್ಲೂ ಕಾಗದವಿಲ್ಲ.

2016ರ ನವೆಂಬರಿನಲ್ಲಿ ಸಮಾನ ಶ್ರೇಣಿ ಸಮಾನ ಪಿಂಚಣಿಗಾಗಿ ದೆಹಲಿಗೆ ಬಂದಿದ್ದ ಹರಿಯಾಣದ ನಿವೃತ್ತ ಸುಬೇದಾರರೊಬ್ಬರು ತಮ್ಮ ಪ್ರಾಣ ತಾವೇ ಕಳೆದುಕೊಂಡಾಗ, ಅವರ ಮಾನಸಿಕ ಸ್ಥಿತಿ ಏನಿತ್ತೋ ಮೊದಲು ವಿಚಾರಣೆಯಾಗಲಿ ಎಂದವರು ಆಗಿನ ಕೇಂದ್ರ ಸಚಿವ ವಿ.ಕೆ. ಸಿಂಗ್, ಸೇನೆಯ ಮಾಜಿ ಮುಖ್ಯಸ್ಥರು! ಸೈನಿಕನ ಮನಃಸ್ಥಿತಿ ನಮಗೆ ನೆನಪಾಗುವುದು ಅವನ ಅಹವಾಲನ್ನು ಹಗುರ ಮಾಡಬೇಕಾದಾಗ ಮಾತ್ರ.

ನಾವೇನು ಕಮ್ಮಿಯಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಿವೃತ್ತ ಯೋಧ ಊರಿಗೆ ಬಂದರೆ ತೆರೆದ ಜೀಪು, ಡೊಳ್ಳು, ಶಾಲೆ ಮಕ್ಕಳ ಕೈಯಲ್ಲಿ ಧ್ವಜ, ಅಗಸಿ ಬಾಗಿಲಲ್ಲಿ ಆರತಿ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ. ಆರು ತಿಂಗಳ ಮೇಲೆ ಅದೇ ಮನುಷ್ಯ ಕುಡಿದು ಕಟ್ಟೆಯ ಮೇಲೆ ಕೂತರೆ ‘ಮಿಲಿಟರಿ ರಮ್ಮಿನ ಚಾಳಿ’ ಎಂದು ನಗುತ್ತೇವೆ. ರಾತ್ರಿ ಚೀರಿ ಏಳುತ್ತಾನೆಂಬುದು ಹೆಂಡತಿಗಷ್ಟೇ ಗೊತ್ತು.

ಅಗ್ನಿಪಥದ ಮೊದಲ ತಂಡ ಸೇರಿದ್ದು 2022ರ ಕೊನೆಗೆ. ನಾಲ್ಕು ವರ್ಷಕ್ಕೆ ಮುಕ್ಕಾಲು ಪಾಲು ಮನೆಗೆ ಮರಳುವ ಯೋಜನೆ ಅದು. ಕೈಯಲ್ಲಿ 11.71 ಲಕ್ಷ ರೂಪಾಯಿ. ಪಿಂಚಣಿಯಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯಿಲ್ಲ, ಮಾಜಿ ಸೈನಿಕನೆಂಬ ಸ್ಥಾನಮಾನವೂ ಇಲ್ಲ. ಇವರಲ್ಲಿ ಯಾರಿಗಾದರೂ ಮನಸ್ಸು ಕದಡಿದರೆ ಯಾವ ಆಸ್ಪತ್ರೆಯ ಬಾಗಿಲು ತಟ್ಟಬೇಕು?

1967ರ ಆದೇಶ ರದ್ದಾಗಲಿ, ಸೇನಾ ಕಾಯ್ದೆಯ ಆ ಕಲಮು ಹೋಗಲಿ. ಇವೆರಡಕ್ಕೂ ಬೊಕ್ಕಸದಿಂದ ಖರ್ಚಿಲ್ಲ. ಎಣಿಕೆ ಕರ್ನಾಟಕದಿಂದಲೇ ಶುರುವಾಗಲಿ: ಸೈನಿಕ ಕಲ್ಯಾಣ ಇಲಾಖೆ ನಮ್ಮಲ್ಲಿದೆ, ಸತ್ತ ಪ್ರತಿ ಪಿಂಚಣಿದಾರನ ಕಡತ ಎಲ್ಲೋ ಒಂದು ಮೇಜಿನ ಮೇಲೆ ಬಂದೇ ಬರುತ್ತದೆ, ಸಾವಿನ ಕಾರಣಕ್ಕೊಂದು ಕಾಲಂ ಸೇರಿಸಿದರೆ ಸಾಕು. ಮತ ಕೇಳಲು ಬರುವ ಸಂಸದರನ್ನು ಈ ಮೂರೂ ವಿಷಯ ಕೇಳಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ನಿದ್ದೆ ಕಳೆದುಕೊಂಡ ಫೌಜಿ ಇದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.