ಒಂದನೇ ನಂಬರ್ ಔಷಧವಂತೆ! ನಂಬರ್ ಕೊಟ್ಟವರು ಯಾರು?

ಮಕ್ಕಳ ವೈದ್ಯ ಮಿತ್ರರೇ,

ಈ ವಾರವೂ ಆ ಬಣ್ಣದ ಕಾಗದ ನಮ್ಮ ಟೇಬಲ್ಲಿಗೆ ಬಂದು ಬಿದ್ದಿದೆ. ಮಕ್ಕಳ ವಾಂತಿ-ಭೇದಿಗೆ ಯಾವ ಔಷಧ ಮೊದಲು, ಯಾವುದು ಕೊನೆ ಎಂಬ ಪಟ್ಟಿ. ತಲೆಬರಹದಲ್ಲಿ ‘ನೆಟ್‌ವರ್ಕ್ ಮೆಟಾ-ಅನಾಲಿಸಿಸ್’. ಔಷಧ ಕಂಪನಿಯ ರೆಪ್ ಬೆರಳಿಡುವುದು ಮೊದಲ ಸಾಲಿನ ಮೇಲೆ ಮಾತ್ರ. ಕೆಳಗಿನ ಸಣ್ಣಕ್ಷರ ಓದಲು ಭೂತಗನ್ನಡಿ ಬೇಕು.

2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಇಂಥದ್ದೇ ಒಂದು ವಿಶ್ಲೇಷಣೆ ಬಂತು: 174 ಅಧ್ಯಯನ, 32,430 ಮಕ್ಕಳು. ಭೇದಿ ಬೇಗ ನಿಲ್ಲಿಸುವ ಒಂಟಿ ಔಷಧಗಳಲ್ಲಿ ಮುಂದಿನ ಸಾಲಿಗೆ ಬಂದದ್ದು ಯಾವುದು ಗೊತ್ತೇ? ಲೋಪೆರಮೈಡ್! ಕರುಳಿನ ಚಲನೆಯನ್ನೇ ಹಿಡಿದು ನಿಲ್ಲಿಸುವ, ಎಳೆಗೂಸುಗಳಿಗೆ ಕೊಡಲೇಬಾರದೆಂದು ನಾವೆಲ್ಲ ಕಲಿತ ಲೋಪೆರಮೈಡ್. ಅತಿ ಹೆಚ್ಚು ಅಪಾಯದ್ದು ಇದೇ ಎಂದು ಅದೇ ಲೇಖಕರು ಬರೆದಿದ್ದಾರೆ. ಬರೀ ನಂಬರ್ ನೋಡಿ ಚೀಟಿ ಬರೆದರೆ ಕೂಸಿನ ಗತಿ ಏನು?

ಇನ್ನೊಂದು ಮೋಸವಿದೆ. ಪಟ್ಟಿಯಲ್ಲಿ ಅಕ್ಕಪಕ್ಕ ನಿಂತ ಎರಡು ಔಷಧಗಳನ್ನು ಯಾರಾದರೂ ಎದುರುಬದುರು ಇಟ್ಟು ಪರೀಕ್ಷಿಸಿರಲೇಬೇಕೆಂದಿಲ್ಲ. ಒಂದನ್ನು ಒಂದು ದೇಶದಲ್ಲಿ, ಮತ್ತೊಂದನ್ನು ಇನ್ನೊಂದು ದೇಶದಲ್ಲಿ ಪ್ಲಸೀಬೋ ಜೊತೆ ಹೋಲಿಸಿರುತ್ತಾರೆ. ಉಳಿದದ್ದು ಲೆಕ್ಕಾಚಾರ. ಎರಡೂ ಕಡೆಯ ಮಕ್ಕಳು ವಯಸ್ಸು, ಪೋಷಣೆ, ನಿರ್ಜಲೀಕರಣದಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿದ್ದರೆ ಲೆಕ್ಕ ನಿಲ್ಲುತ್ತದೆ, ಇಲ್ಲದಿದ್ದರೆ ಕುಸಿಯುತ್ತದೆ. ಜಿಂಕ್‌ನ ಲಾಭ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮಕ್ಕಳಿಗಷ್ಟೇ ಅನ್ವಯಿಸಬಹುದೆಂದು ಆ ಲೇಖಕರೇ ಹೇಳಿದ್ದಾರೆ. ನಮ್ಮ ದೇಶದ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ 2016ರಿಂದ ಹಂತಹಂತವಾಗಿ ರೋಟಾವೈರಸ್ ಲಸಿಕೆ ಬಂದಿದೆ. ಅದಕ್ಕೂ ಹಿಂದಿನ ಪ್ರಯೋಗಗಳ ಮಕ್ಕಳು ಇಂದು ನಮ್ಮ ಬಾಗಿಲಿಗೆ ಬರುವ ಮಕ್ಕಳಂತೆಯೇ ಇದ್ದರೇ? ಪಟ್ಟಿ ಬಾಯಿ ಬಿಡುವುದಿಲ್ಲ.

‘ಓಪಿಡಿ ತುಂಬ ಮಕ್ಕಳು, ಪೇಪರ್ ಓದಲು ಪುರುಸೊತ್ತೆಲ್ಲಿ ಸ್ವಾಮೀ?’ ಎನ್ನುವ ಹಿರಿಯರಿಗೆ ದೊಡ್ಡ ನಮಸ್ಕಾರ. ರೆಪ್ ಜೊತೆ ಕಾಫಿಗೆ ಮಾತ್ರ ಪುರುಸೊತ್ತು ಎಲ್ಲಿಂದಲೋ ಒದಗುತ್ತದೆ!

ಮೆಡಿಕಲ್ ಕಾಲೇಜಿನ ಪಂಡಿತರೇನು ಕಡಿಮೆಯೇ? ‘ಸುಕ್ರಾ’ (ಪಟ್ಟಿಯ ನಂಬರ್ ಹಿಂದಿನ ಅಂಕ), ‘ಟ್ರಾನ್ಸಿಟಿವಿಟಿ’ (ಎರಡೂ ಕಡೆಯ ಮಕ್ಕಳು ಒಂದೇ ತೆರನಾಗಿರಬೇಕೆಂಬ ಷರತ್ತು) ಎಂದು ಪಿಜಿಗಳನ್ನು ಬೆದರಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತಿಳಿಯುವ ಮಾತಿನಲ್ಲಿ ಒಂದು ಪುಟ ಬರೆದುಕೊಟ್ಟವರಿಲ್ಲ. ಇವರ ಮೌನವೇ ಕಂಪನಿಗಳಿಗೆ ಬಂಡವಾಳ.

ಸಾಕು. ಓಆರ್‌ಎಸ್ ಕಲಸುವುದನ್ನು ತಾಯಿಗೆ ಹೇಳಿಕೊಡದೆ ನಂಬರ್ ಒಂದರ ಸ್ಯಾಚೆ ಬರೆಯುವ ಚಾಳಿ ನಿಲ್ಲಲಿ. ಭಾನುವಾರದ ಸಿಎಂಇಯಲ್ಲಿ ಎದ್ದು ನಿಂತು ಕೇಳೋಣ: ನೇರ ಹೋಲಿಕೆ ಎಷ್ಟು? ಯಾವ ವಯಸ್ಸಿನ ಮಕ್ಕಳು? ಪುರಾವೆ ಎಷ್ಟು ಗಟ್ಟಿ? ಅಡ್ಡಪರಿಣಾಮದ ಪಟ್ಟಿ ಎಲ್ಲಿ? ದುಡ್ಡು ಯಾರದು? ಉತ್ತರ ಬರುವವರೆಗೆ ಊಟಕ್ಕೆ ಏಳುವುದು ಬೇಡ.

ಜೆರಾಕ್ಸ್ ಮಾಡಿ ಹಂಚಿರಿ.

— ಪಟ್ಟಿಗಳಿಂದ ರೋಸಿಹೋದ ಕೆಲವು ಮಕ್ಕಳ ವೈದ್ಯರು