ಹೋಲಿಕೆ ಯಾರೊಡನೆ?



ಭಂಡಾರಕವಠೆಯಿಂದ ಅಕ್ಕಲಕೋಟದವರೆಗೆ, ಜೂನ್ ತಿಂಗಳ ದಾಖಲಾತಿಯ ಹೊತ್ತಿಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಕನ್ನಡ ಶಾಲೆಯ ಮಕ್ಕಳು ಹಿಂದೆ ಬೀಳುತ್ತಾರೆ, ಇಂಗ್ಲಿಷ್ ಶಾಲೆಯ ಫಲಿತಾಂಶ ನೋಡಿರಿ.” ಇದನ್ನು ಅಲ್ಲಗಳೆಯಲು ಭಾಷಾಭಿಮಾನವೇ ಬೇಕಿಲ್ಲ, ಸಂಖ್ಯಾಶಾಸ್ತ್ರದ ಮೊದಲ ಪಾಠ ಸಾಕು. ಯಾರನ್ನು ಯಾರೊಡನೆ ಹೋಲಿಸುತ್ತಿದ್ದೀರಿ?

ವ್ಯಾನಿನ ಬಾಡಿಗೆ, ಶುಲ್ಕ, ಸಂಜೆಯ ಟ್ಯೂಷನ್ ಎಲ್ಲವನ್ನೂ ಭರಿಸಬಲ್ಲ ಮನೆಯ ಮಗು ಒಂದು ಕಡೆ. ತಂದೆತಾಯಿ ಕೂಲಿಗೆ ಪರಊರಿಗೆ ಹೋದಾಗ ತಿಂಗಳುಗಟ್ಟಲೆ ಶಾಲೆ ತಪ್ಪುವ ಮಗು ಇನ್ನೊಂದು ಕಡೆ. ಇವರ ಅಂಕಗಳ ಅಂತರಕ್ಕೆ ಮಾಧ್ಯಮವೇ ಕಾರಣವೆನ್ನುವುದು, ನೀರಾವರಿ ಹೊಲದ ಜೋಳವನ್ನೂ ಒಣಬೇಸಾಯದ ಜೋಳವನ್ನೂ ತೂಗಿ ಬೀಜದ ಗುಣ ನಿರ್ಣಯಿಸಿದಂತೆ. ಬೀಜದ ಗುಣ ತಿಳಿಯಬೇಕಾದರೆ ಒಂದೇ ಹೊಲವನ್ನು ತುಂಡುಗಳಾಗಿ ವಿಂಗಡಿಸಿ, ಯಾವ ತುಂಡಿಗೆ ಯಾವ ಬೀಜವೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್. ಎ. ಫಿಶರ್ ಬೆಳೆಸಿದ ವಿಧಾನವಿದು. ನಮ್ಮ ಒಕ್ಕಲಿಗನಿಗೆ ಅರ್ಥವಾಗುವ ಈ ನ್ಯಾಯ ಶಾಲೆಯ ಮಾತು ಬಂದಾಗ ಏಕೆ ಮರೆಯಾಗುತ್ತದೆ?

ಎರಡನೆಯದು, ಸಣ್ಣ ಸಂಖ್ಯೆಯ ಮೋಸ. 8 ಮಕ್ಕಳ ತರಗತಿಯಲ್ಲಿ ಒಬ್ಬರು ಅನುತ್ತೀರ್ಣರಾದರೆ ಫಲಿತಾಂಶ ಶೇ. 87.5ಕ್ಕೆ ಇಳಿಯುತ್ತದೆ. 80 ಮಕ್ಕಳ ತರಗತಿಯಲ್ಲಿ ಒಬ್ಬರು ಅನುತ್ತೀರ್ಣರಾದರೂ ಅದು ಶೇ. 98.75ರಷ್ಟಿರುತ್ತದೆ. ಪಟಸಂಖ್ಯೆ ಕಡಿಮೆಯಿರುವ ಕನ್ನಡ ಶಾಲೆಯ ಶೇಕಡಾವಾರು ಒಂದೇ ವರ್ಷದಲ್ಲಿ ಏರಿಳಿದರೆ, ಅದು ಒಂದು ಮಗುವಿನ ಜ್ವರದ ಫಲವೂ ಆಗಿರಬಹುದು. ಐದಾರು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡದೆ ತೀರ್ಪು ಕೊಡುವುದು ಅನ್ಯಾಯ.

ಮೂರನೆಯದು, ಅಳತೆಗೋಲು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಇಂಗ್ಲಿಷಿನಲ್ಲಿ ಲೆಕ್ಕ ಕೊಟ್ಟು, ಅದು ತಡವರಿಸಿದಾಗ “ಗಣಿತ ಬಾರದು” ಎಂದು ಬರೆದರೆ, ಅಳೆದದ್ದು ಗಣಿತವನ್ನಲ್ಲ, ಇಂಗ್ಲಿಷನ್ನು.

ಬರಿಯ ಮಾಧ್ಯಮದ ಪರಿಣಾಮವನ್ನು ಪರೀಕ್ಷಿಸಲು ಹೊರಟವರು ಉಂಟೆ? ಉಂಟು. ನೈಜೀರಿಯದ ಇಫೆ ವಿಶ್ವವಿದ್ಯಾಲಯ 1970ರಲ್ಲಿ ಒಂದು ಪ್ರಯೋಗ ಆರಂಭಿಸಿತು. ಒಂದು ಗುಂಪಿಗೆ ಪ್ರಾಥಮಿಕದ ಆರೂ ವರ್ಷ ಮಾತೃಭಾಷೆ ಯೊರುಬಾದಲ್ಲಿ ಪಾಠ, ಇಂಗ್ಲಿಷ್ ಒಂದು ವಿಷಯ ಮಾತ್ರ. ಹೋಲಿಕೆಯ ಗುಂಪಿಗೆ ಮೂರು ವರ್ಷಗಳ ಬಳಿಕ ಇಂಗ್ಲಿಷ್ ಮಾಧ್ಯಮ. ಯೊರುಬಾ ಗುಂಪಿನ ಮಕ್ಕಳು ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಹೊಸ ಪುಸ್ತಕಗಳೂ ತರಬೇತಿ ಪಡೆದ ಶಿಕ್ಷಕರೂ ಅದಕ್ಕೆ ನೆರವಾದರೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಆಕ್ಷೇಪವೇ ನಮ್ಮ ವಾದವನ್ನು ಬಲಪಡಿಸುತ್ತದೆ: ಫಲ ಕೊಡುವುದು ಬೋಧನೆ. ಶಿಕ್ಷಕರ ಹುದ್ದೆ ಖಾಲಿಯಿರುವ ಶಾಲೆ ಸೊರಗಿದರೆ ಆ ದೋಷವನ್ನು ಕನ್ನಡದ ತಲೆಗೆ ಕಟ್ಟಬಾರದು. ಕನ್ನಡದ ಹೆಸರಿನಲ್ಲಿ ಅದನ್ನು ಮುಚ್ಚಿಡಲೂಬಾರದು.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಆ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳಿರಿ: ಜೂನ್‌ನಲ್ಲಿ ಈ ಮಗು ಎಷ್ಟು ಓದುತ್ತಿತ್ತು, ಏಪ್ರಿಲ್‌ನಲ್ಲಿ ಎಷ್ಟು ಓದುತ್ತದೆ? ಹಾಜರಿ ಎಷ್ಟು? ಖಾಲಿ ಹುದ್ದೆ ಎಷ್ಟು? ಅದೇ ಮಗುವನ್ನು ಅದರ ನಿನ್ನೆಯೊಡನೆ ಹೋಲಿಸಿರಿ. ಉತ್ತರ ಅಸಮಾಧಾನಕರವಾಗಿದ್ದರೆ ಶಾಲೆಯನ್ನು ತಿದ್ದಲು ಹೋರಾಡೋಣ. ಬೇರೆ ಹೊಲದ ತೆನೆ ತೋರಿಸಿ ನಮ್ಮ ಬೀಜವನ್ನು ಹೀಗಳೆಯುವವರ ಮಾತಿಗೆ ಮಾತ್ರ ಮಕ್ಕಳ ಹೆಸರು ಕಡಿಸಬೇಡಿರಿ.