ಲೆಕ್ಕ ಆ್ಯಪ್ ಇಡಲಿ, ನಿದ್ದೆ ನಾವು ಕೊಡೋಣ

2020ರ ಫೆಬ್ರವರಿಯಲ್ಲಿ ಎರಡು ಸುದ್ದಿಗಳು ನಮ್ಮ ಮನೆಗಳಿಗೆ ಬಂದವು. ಮೊದಲನೆಯದು ಎಲ್ಲರಿಗೂ ನೆನಪಿದೆ. ಹೃದಯದ ತೊಂದರೆಯಿದ್ದ 40 ದಿನದ ಮಗುವನ್ನು ನಮ್ಮ ಕರಾವಳಿಯ ಆಂಬ್ಯುಲೆನ್ಸ್ ಚಾಲಕರೊಬ್ಬರು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಐದು ಗಂಟೆಯೊಳಗೆ ತಲುಪಿಸಿದರು. ದಾರಿಯುದ್ದಕ್ಕೂ ಜನ ನಿಂತು ಹರಸಿದರು. ನಾವೂ ಹೆಮ್ಮೆಯಿಂದ ಆ ವಿಡಿಯೋ ಹಂಚಿಕೊಂಡೆವು.

ಎರಡನೆಯದನ್ನು ಬೇಗ ಮರೆತೆವು. ಅದೇ ತಿಂಗಳ 20ರ ನಸುಕಿನಲ್ಲಿ, ಬೆಂಗಳೂರಿನಿಂದ ಎರ್ನಾಕುಳಂಗೆ ಹೊರಟಿದ್ದ ಕೇರಳ ಸಾರಿಗೆ ಬಸ್ಸಿಗೆ ತಮಿಳುನಾಡಿನ ಅವಿನಾಶಿ ಬಳಿ ಕಂಟೈನರ್ ಲಾರಿ ಅಪ್ಪಳಿಸಿ 19 ಜನ ತೀರಿಕೊಂಡರು. ಲಾರಿ ಕೊಚ್ಚಿ ಕಡೆಯಿಂದ ಕರುಮತ್ತಂಪಟ್ಟಿ ದಾಟಿ ಸೇಲಂ ದಿಕ್ಕಿಗೆ ಹೋಗುತ್ತಿತ್ತು. ಚಾಲಕ ನಿದ್ದೆಗೆ ಜಾರಿದ್ದೇ ಕಾರಣವೆಂದು ಆಗ ವರದಿಯಾಯಿತು.

ಈ ಎರಡೂ ಸುದ್ದಿಗಳನ್ನು ಜೊತೆಗಿಟ್ಟು ನೋಡಿದಾಗ ನನಗೆ ಒಂದು ಪ್ರಶ್ನೆ ಏಳುತ್ತದೆ. ಆಂಬ್ಯುಲೆನ್ಸ್ ಎಷ್ಟು ಬೇಗ ಬಂತು ಎಂದು ಕೇಳುವ ನಾವು, ಅದನ್ನು ಓಡಿಸಿದವನು ಹಿಂದಿನ ದಿನ ಎಷ್ಟು ಹೊತ್ತು ಮಲಗಿದ್ದ ಎಂದು ಯಾವತ್ತಾದರೂ ಕೇಳಿದ್ದೇವೆಯೇ?

ಇದು ಸಣ್ಣ ಪ್ರಶ್ನೆಯಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟೇ ಕುಂದಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ ಶೇ. 0.03. ಅಂದರೆ ಒಂದು ತೊಟ್ಟೂ ಮುಟ್ಟದ ನಮ್ಮ ಹುಡುಗ ಬರೀ ನಿದ್ದೆಗೆಟ್ಟು ಆ ಮಿತಿ ದಾಟಿದವನಂತಾಗಬಹುದು.

ಈಗ ನಿದ್ದೆಗೂ ಮೊಬೈಲ್ ಆ್ಯಪ್‌ಗಳಿವೆ. ನಮ್ಮ ಮನೆಯಲ್ಲೂ ಎಮರ್ಜೆನ್ಸಿ ವಾರ್ಡಿನ ನರ್ಸ್ ಒಬ್ಬಳಿದ್ದಾಳೆ, ನನ್ನ ತಂಗಿಯ ಮಗಳು. ಅವಳೂ ಒಂದನ್ನು ಹಾಕಿಕೊಂಡಿದ್ದಾಳೆ. ನಾನು ಇವುಗಳ ವಿರೋಧಿಯಲ್ಲ. ಅಮೆರಿಕದಲ್ಲಿ 100 ತುರ್ತು ಸೇವಾ ಸಿಬ್ಬಂದಿಯ ಮೇಲೆ 90 ದಿನ ಒಂದು ಪ್ರಯೋಗ ನಡೆಯಿತು. ಪಾಳಿಯ ನಡುವೆ ಫೋನಿಗೆ ಎಚ್ಚರಿಕೆಯ ಸಂದೇಶ ಬಂದವರಲ್ಲಿ 12 ಗಂಟೆಯ ಪಾಳಿಯ ಆಯಾಸವೂ ತೂಕಡಿಕೆಯೂ ಕಡಿಮೆಯಿತ್ತು. 2015ರಲ್ಲಿ ಇದರ ವರದಿ ಬಂತು. ಯಾರೋ ನೆನಪಿಸಿದರೆ ಮನುಷ್ಯ ಮುಖ ತೊಳೆಯುತ್ತಾನೆ, ನಾಲ್ಕು ಹೆಜ್ಜೆ ನಡೆಯುತ್ತಾನೆ.

ಆದರೆ ಆ್ಯಪ್ ನೆನಪಿಸಬಲ್ಲದು, ಲೆಕ್ಕ ಇಡಬಲ್ಲದು, ಅಷ್ಟೆ. ಆ ಲೆಕ್ಕವೂ ಅಂದಾಜಿನದು. ಎಷ್ಟು ಹೊತ್ತು ಮಲಗಿದಿರಿ ಎಂಬುದನ್ನು ಸುಮಾರಾಗಿ ಹೇಳುತ್ತದೆ, ‘ಗಾಢ ನಿದ್ದೆ ಇಷ್ಟು ನಿಮಿಷ’ ಎಂಬುದನ್ನು ನಂಬಿ ಕೊರಗಬೇಕಿಲ್ಲ. ಹಗಲು ಹನ್ನೊಂದಕ್ಕೆ ‘ಮಲಗುವ ಸಮಯವಾಯಿತು’ ಎಂದು ಫೋನ್ ಹೇಳಿದರೂ, ಅಡುಗೆ ಮನೆಯಲ್ಲಿ ಮಿಕ್ಸಿ, ಚಾವಡಿಯಲ್ಲಿ ಟಿವಿ, ಬಾಗಿಲಲ್ಲಿ ನೆಂಟರು ಇದ್ದರೆ ನಿದ್ದೆ ಎಲ್ಲಿಂದ ಬರಬೇಕು? ರಾತ್ರಿ ಪಾಳಿ ಮುಗಿಸಿ ಬಂದವಳನ್ನು ನಿಕಾಹ್‌ಗೆ ಹೊರಡಿಸುತ್ತೇವೆ. ಬರಲಿಲ್ಲವೆಂದರೆ ‘ಅವಳಿಗೆ ಜಂಬ’ ಎನ್ನುತ್ತೇವೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಆ್ಯಪ್ ಇರುವುದು ಮಲಗುವವರಿಗೆ ಬೈಯಲಿಕ್ಕಲ್ಲ, ಮಲಗಲು ಬಿಡದವರಿಗೆ ತೋರಿಸಲಿಕ್ಕೆ. ವಾರದ ಲೆಕ್ಕವನ್ನು ಮನೆಯವರು ಒಟ್ಟಿಗೆ ಕೂತು ನೋಡಿ. ಹಗಲು ಮಲಗುವವರಿಗೆ ಕತ್ತಲೆ ಮಾಡಿದ ಒಂದು ಕೋಣೆ ಕೊಡಿ. ಅವರ ಫೋನನ್ನು ‘ಡು ನಾಟ್ ಡಿಸ್ಟರ್ಬ್’ಗೆ ಹಾಕಿ, ಉಮ್ಮನ ಅಥವಾ ಹೆಂಡತಿಯ ನಂಬರಿಗೆ ಮಾತ್ರ ದಾರಿ ಬಿಡಿ. ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ-ಕಾಫಿ ಬೇಡ. ಸಾಕಷ್ಟು ಹೊತ್ತು ಮಲಗಿಯೂ ದಣಿವು ಹೋಗದಿದ್ದರೆ, ಜೋರು ಗೊರಕೆಯಿದ್ದರೆ, ಆ್ಯಪ್ ಬದಲಿಸುವುದಲ್ಲ, ವೈದ್ಯರನ್ನು ಕಾಣಬೇಕು.

ಆಂಬ್ಯುಲೆನ್ಸ್ ನಡೆಸುವ ನಮ್ಮ ಜಮಾಅತ್, ಸಂಘಗಳಿಗೂ ಒಂದು ಮಾತು. ಹೊಸ ವಾಹನಕ್ಕೆ ಚಂದಾ ಎತ್ತುತ್ತೇವೆ, ಅದು ಒಳ್ಳೆಯದೇ. ಅದರ ಜೊತೆಗೆ ಎರಡನೇ ಚಾಲಕನ ಸಂಬಳಕ್ಕೂ ಎತ್ತೋಣ. ಹಗಲೂ ರಾತ್ರಿಯೂ ಒಬ್ಬನ ನಂಬರನ್ನೇ ಬೋರ್ಡಿನಲ್ಲಿ ಬರೆದಿಟ್ಟರೆ, ಅವನ ಫೋನಿನಲ್ಲಿ ಎಂಥ ಆ್ಯಪ್ ಇದ್ದರೂ ಅವನಿಗೆ ನಿದ್ದೆಯಿಲ್ಲ. ಮುಂದಿನ ಸಲ ಅವನ ಗಾಡಿಯಲ್ಲಿ ಮಲಗಿರುವುದು ನಮ್ಮದೇ ಮನೆಯ ಮಗು ಇರಬಹುದು.